ಮನೆಯೊಳಗೆ ಒಂದು ಯೂನಿಟ್: ಪೋರ್ಟಬಲ್ ಪವರ್ ಸ್ಟೇಷನ್ ಕೊಳ್ಳಬೇಕೋ, ಹಳೆಯ ಯುಪಿಎಸ್ ಸಾಕೋ

ಪವರ್ ಸ್ಟೇಷನ್ ಎಂದರೆ ನಮ್ಮ ಕಡೆಯವರಿಗೆ ಇಂದಿಗೂ ಮೊದಲು ನೆನಪಾಗುವುದು ಶರಾವತಿಯ ವಿದ್ಯುದಾಗಾರ, ಇಲ್ಲವೇ ರಾಯಚೂರಿನ ಶಕ್ತಿನಗರದ ಎತ್ತರದ ಚಿಮಣಿಗಳು. ಈಗ ಅದೇ ಹೆಸರನ್ನು ಹೊತ್ತು, ಹಿಡಿಕೆ ಹಿಡಿದು ಕೋಣೆಯಿಂದ ಕೋಣೆಗೆ ಒಯ್ಯಬಹುದಾದ ಪೆಟ್ಟಿಗೆಯೊಂದು ಅಂಗಡಿಗೆ ಬಂದಿದೆ. ಹೆಸರು ಅದರ ಕೆಲಸಕ್ಕಿಂತ ದೊಡ್ಡದಾಯಿತು, ಏಕೆಂದರೆ ಅದು ವಿದ್ಯುತ್ತನ್ನು ಉತ್ಪಾದಿಸುವುದಿಲ್ಲ, ಕೂಡಿಟ್ಟುಕೊಳ್ಳುತ್ತದೆ, ಅಷ್ಟೆ. ಒಳಗಿರುವುದು ಒಂದು ಲಿಥಿಯಂ ಬ್ಯಾಟರಿ, ಅದಕ್ಕೊಂದು ಚಾರ್ಜರ್, ಬ್ಯಾಟರಿಯ ಡಿಸಿಯನ್ನು ಮನೆಯ 230 ವೋಲ್ಟ್ ಎಸಿಯಾಗಿ ಬದಲಿಸುವ ಇನ್ವರ್ಟರ್ ಮತ್ತು ಸೋಲಾರ್ ಪ್ಯಾನೆಲ್ ಜೋಡಿಸಲು ಒಂದು ಸಾಕೆಟ್. ನಮ್ಮ ಮನೆಗಳ ಮೂಲೆಯಲ್ಲಿ ಮೂವತ್ತು ವರ್ಷಗಳಿಂದ ಗುಂಯ್‌ಗುಡುತ್ತ ಕುಳಿತಿರುವ ಯುಪಿಎಸ್‌ನಲ್ಲಿ ಇರುವುದೂ ಬಹುಮಟ್ಟಿಗೆ ಇವೇ. ಆದ್ದರಿಂದ ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ ಯಾವ ಕಂಪನಿಯದು ಎಂಬುದಲ್ಲ. ಒಂದು ಯೂನಿಟ್ ಕರೆಂಟನ್ನು ಮನೆಯೊಳಗೆ ಇಟ್ಟುಕೊಳ್ಳಲು ನನಗೆ ಎಷ್ಟು ಖರ್ಚಾಗುತ್ತದೆ, ಹಾಗೆ ಇಟ್ಟಿದ್ದರಲ್ಲಿ ಎಷ್ಟು ನನ್ನ ಕೈಗೆ ಮರಳಿ ಬರುತ್ತದೆ ಎಂಬುದು.

ಯೂನಿಟ್ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಪ್ರತಿ ತಿಂಗಳ ಬಿಲ್ಲಿನಲ್ಲಿ ನಾವು ಕಾಣುವ ಒಂದು ಯೂನಿಟ್ ಎಂದರೆ 1000 ವ್ಯಾಟ್-ಅವರ್. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿರುವ 1800 ಎಂಬ ಅಂಕಿ ಸಾಮಾನ್ಯವಾಗಿ ವ್ಯಾಟ್ ಆಗಿರುತ್ತದೆ. ಅಂದರೆ ಪೆಟ್ಟಿಗೆ ಒಮ್ಮೆಗೆ ಎಷ್ಟು ಭಾರ ಎತ್ತಬಲ್ಲದು ಎಂಬ ಲೆಕ್ಕ. ಎಷ್ಟು ಹೊತ್ತು ಎತ್ತಬಲ್ಲದು ಎಂಬುದನ್ನು ಹೇಳುವುದು ಸಣ್ಣಕ್ಷರದಲ್ಲಿರುವ ವ್ಯಾಟ್-ಅವರ್. ನೀರಿನ ಟ್ಯಾಂಕಿಗೆ ಹೋಲಿಸುವುದಾದರೆ ಮೊದಲನೆಯದು ನಲ್ಲಿಯ ಬಾಯಿ, ಎರಡನೆಯದು ಟ್ಯಾಂಕಿನ ಗಾತ್ರ. ಈ ಎರಡನ್ನು ಅದಲುಬದಲು ಮಾಡಿಕೊಂಡು ಮೋಸಹೋದವರನ್ನು ನಾನು ಸಾಕಷ್ಟು ನೋಡಿದ್ದೇನೆ, ಮತ್ತು ಅವರಲ್ಲಿ ಇಂಜಿನಿಯರುಗಳೂ ಇದ್ದರು.

ಮನೆಯ ಲೆಕ್ಕ

ಒಂಬತ್ತು ವ್ಯಾಟಿನ ಎಲ್‌ಇಡಿ ಬಲ್ಬ್, ಹತ್ತು ವ್ಯಾಟಿನ ಆಸುಪಾಸಿನ ವೈ-ಫೈ ರೌಟರ್, ಐವತ್ತರಿಂದ ಅರವತ್ತೈದು ವ್ಯಾಟಿನ ಲ್ಯಾಪ್‌ಟಾಪ್, ಇವೆಲ್ಲ ಸಣ್ಣ ಸಂಸಾರ. ಸೀಲಿಂಗ್ ಫ್ಯಾನ್ ವಿಷಯದಲ್ಲಿ ಮಾತ್ರ ದೊಡ್ಡ ವ್ಯತ್ಯಾಸವಿದೆ: ಹಳೆಯ ಬಗೆಯದು 70–75 ವ್ಯಾಟ್ ಎಳೆದರೆ ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ ಪೂರ್ಣ ವೇಗದಲ್ಲೂ 28–35 ವ್ಯಾಟ್‌ನಲ್ಲಿ ತಿರುಗುತ್ತದೆ. ದೊಡ್ಡ ಬ್ಯಾಟರಿಗೆ ಹೆಚ್ಚುವರಿಯಾಗಿ ಹಾಕುವ ದುಡ್ಡಿನಲ್ಲಿ ಎರಡು ಫ್ಯಾನ್ ಬದಲಿಸಿದರೆ ಬಹಳ ಮನೆಗಳಿಗೆ ಅದೇ ಲಾಭ; ಕರೆಂಟ್ ಇರುವಾಗಲೂ ಬಿಲ್ಲು ಇಳಿಯುತ್ತದೆ.

ಫ್ರಿಜ್ಜಿನ ಲೆಕ್ಕ ಅಷ್ಟು ಸರಳವಲ್ಲ, ಏಕೆಂದರೆ ಅದು ನಿಂತು ನಿಂತು ನಡೆಯುತ್ತದೆ. ಇದಕ್ಕೆ ಎರಡು ದಾರಿಗಳಿವೆ. ಸ್ಟಾರ್ ಗುರುತಿನ ಚೀಟಿಯ ಮೇಲೆ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಅಚ್ಚಾಗಿರುತ್ತದೆ. 200 ಎಂದಿದ್ದರೆ ದಿನಕ್ಕೆ ಸುಮಾರು 0.55 ಯೂನಿಟ್ ಎಂದಾಯಿತು. ಚೀಟಿ ಕಿತ್ತುಹೋಗಿದ್ದರೆ ಮನೆಯ ಮೀಟರೇ ಹೇಳುತ್ತದೆ. ಈಗಿನ ಡಿಜಿಟಲ್ ಮೀಟರುಗಳ ಮುಖದ ಮೇಲೆ ಮಿನುಗುವ ಒಂದು ಕೆಂಪು ದೀಪವೂ, ಅದು ಎಷ್ಟು ಬಾರಿ ಮಿನುಗಿದರೆ ಒಂದು ಯೂನಿಟ್ ಎಂಬ ಸಂಖ್ಯೆಯೂ ಇರುತ್ತದೆ. ಆ ಸಂಖ್ಯೆ 3200 ಆಗಿದ್ದರೆ, ಫ್ರಿಜ್ಜನ್ನು ಬಿಟ್ಟು ಉಳಿದದ್ದನ್ನೆಲ್ಲ ಆರಿಸಿ ಒಂದು ಗಂಟೆಯಲ್ಲಿ 80 ಮಿನುಗು ಎಣಿಸಿದಿರಿ ಎಂದುಕೊಳ್ಳಿ: ಖರ್ಚಾದದ್ದು 25 ವ್ಯಾಟ್-ಅವರ್. ಒಂದು ಗಂಟೆ ಮೀಟರ್ ಮುಂದೆ ಕುರ್ಚಿ ಹಾಕಿಕೊಂಡು ಕೂರುವುದು ನೋಡುವವರಿಗೆ ವಿಚಿತ್ರವಾಗಿ ಕಾಣಬಹುದು, ಆದರೆ ಮಾರಾಟಗಾರನ ಅಂದಾಜಿಗಿಂತ ಇದು ನಿಖರ.

ಗೀಸರ್, ಇಂಡಕ್ಷನ್ ಒಲೆ, ಇಸ್ತ್ರಿಪೆಟ್ಟಿಗೆ, ಏರ್ ಕಂಡೀಷನರ್, ಇವನ್ನು ಈ ಲೆಕ್ಕದಿಂದ ಹೊರಗಿಡುವುದೇ ಒಳ್ಳೆಯದು. 2000 ವ್ಯಾಟಿನ ಗೀಸರ್ ಒಂದು ಯೂನಿಟ್ಟಿನ ಬ್ಯಾಟರಿಯನ್ನು ಅರ್ಧ ಗಂಟೆಯೊಳಗೆ ಕುಡಿದು ಮುಗಿಸುತ್ತದೆ. ಬಾವಿಯ ಪಂಪ್‌ಸೆಟ್ ಇನ್ನೂ ಒಂದು ಹೆಜ್ಜೆ ಮುಂದೆ: ಒಂದು ಎಚ್‌ಪಿ ಮೋಟಾರ್ ಓಡುವಾಗ ಸಾವಿರ ವ್ಯಾಟಿನ ಆಸುಪಾಸಿನಲ್ಲಿದ್ದರೂ ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ಕರೆಂಟ್ ಇರುವಾಗಲೇ ಟ್ಯಾಂಕ್ ತುಂಬಿಸಿಕೊಳ್ಳುವ ನಮ್ಮ ಹಳೆಯ ಅಭ್ಯಾಸಕ್ಕಿಂತ ಅಗ್ಗದ ಪರಿಹಾರ ಇದಕ್ಕಿಲ್ಲ.

ಪೂರ್ತಿ ಯೂನಿಟ್ ಕೈಗೆ ಬರುವುದಿಲ್ಲ

ಪೆಟ್ಟಿಗೆಯ ಮೇಲೆ 1000 ವ್ಯಾಟ್-ಅವರ್ ಎಂದಿದ್ದರೆ ಸಾಕೆಟ್ಟಿನಿಂದ ಹೊರಬರುವುದು ಸುಮಾರು 850. ಡಿಸಿಯನ್ನು ಎಸಿ ಮಾಡುವಾಗ ಶೇಕಡಾ 10–15ರಷ್ಟು ಶಾಖವಾಗಿ ಹೋಗುತ್ತದೆ. ಇದಲ್ಲದೆ ಇನ್ವರ್ಟರ್ ತಾನು ಎಚ್ಚರವಾಗಿರುವುದಕ್ಕೇ ಕೂಲಿ ಕೇಳುತ್ತದೆ. ಸಾವಿರ ವ್ಯಾಟಿನ ವರ್ಗದ ಪೆಟ್ಟಿಗೆಗಳಲ್ಲಿ ಇದು ಹತ್ತರಿಂದ ಇಪ್ಪತ್ತು ವ್ಯಾಟ್ ಇರುತ್ತದೆ. ಸಣ್ಣ ಸಂಖ್ಯೆಯೆನಿಸಬಹುದು, ಆದರೆ 15 ವ್ಯಾಟ್ ಅನ್ನು 24 ಗಂಟೆಗೆ ಗುಣಿಸಿದರೆ 360 ವ್ಯಾಟ್-ಅವರ್ ಆಯಿತು. ದಿನಕ್ಕೆ ಅರ್ಧ ಯೂನಿಟ್ ತಿನ್ನುವ ಫ್ರಿಜ್ಜನ್ನು ಒಂದು ಯೂನಿಟ್ಟಿನ ಪೆಟ್ಟಿಗೆ ಎರಡು ದಿನ ನಡೆಸುತ್ತದೆ ಎಂದು ಕಾಗದದ ಮೇಲೆ ಕಂಡರೂ ವಾಸ್ತವದಲ್ಲಿ ಒಂದು ದಿನಕ್ಕೆ ಮುಗಿಯುವುದು ಈ ಕಾರಣದಿಂದ. ರಾತ್ರಿಯಿಡೀ ಹತ್ತು ವ್ಯಾಟಿನ ರೌಟರ್ ಒಂದಕ್ಕಾಗಿ ಎಸಿ ಗುಂಡಿಯನ್ನು ಒತ್ತಿಟ್ಟರೆ ರೌಟರ್ ತಿಂದಷ್ಟನ್ನೇ ಇನ್ವರ್ಟರೂ ತಿನ್ನುತ್ತದೆ. ಹಾಗಾಗಿ ರೌಟರನ್ನು ಪೆಟ್ಟಿಗೆಯ 12 ವೋಲ್ಟ್ ಡಿಸಿ ಔಟ್‌ಪುಟ್ಟಿಗೆ ಸರಿಹೊಂದುವ ತಂತಿಯಿಂದ ನೇರವಾಗಿ ಜೋಡಿಸಿ (ರೌಟರ್ 12 ವೋಲ್ಟಿನದೇ ಎಂದು ಅದರ ಅಡಾಪ್ಟರ್ ನೋಡಿ ಖಚಿತಪಡಿಸಿಕೊಂಡ ಮೇಲೆ), ಲ್ಯಾಪ್‌ಟಾಪನ್ನು ಟೈಪ್-ಸಿ ಕಿಂಡಿಯಿಂದ ಚಾರ್ಜ್ ಮಾಡಿ, ಎಸಿಯನ್ನು ಆರಿಸಿಬಿಡುವುದು ಜಾಣತನ. ಈ ಕಾರಣಕ್ಕೆ ಡಿಸಿ ಔಟ್‌ಪುಟ್‌ಗಳು ಎಷ್ಟಿವೆ, ಟೈಪ್-ಸಿ ಕಿಂಡಿ 100 ವ್ಯಾಟ್ ಕೊಡುತ್ತದೆಯೇ ಎಂಬುದನ್ನು ಎಸಿ ಸಾಕೆಟ್ಟುಗಳ ಸಂಖ್ಯೆಗಿಂತ ಮೊದಲು ನೋಡಬೇಕು.

ಹಳೆಯ ಯುಪಿಎಸ್‌ನ ಪಕ್ಕದಲ್ಲಿ ಇಟ್ಟು ನೋಡಿದರೆ

ತಾಲ್ಲೂಕು ಕೇಂದ್ರದ ಯಾವ ಅಂಗಡಿಯಲ್ಲೂ ಸಿಗುವ 12 ವೋಲ್ಟ್, 150 ಎಎಚ್ (ಆಂಪಿಯರ್-ಅವರ್) ಸೀಸದ ಟ್ಯೂಬ್ಯುಲರ್ ಬ್ಯಾಟರಿಯಲ್ಲಿ ಹೆಸರಿಗೆ 1800 ವ್ಯಾಟ್-ಅವರ್ ಇದೆ. ಸೀಸದ ಬ್ಯಾಟರಿಯನ್ನು ಪ್ರತಿಸಲ ತಳಮುಟ್ಟ ಬಸಿದರೆ ಅದರ ಆಯುಸ್ಸು ಬೇಗ ತೀರುತ್ತದೆ. ಅರ್ಧದಿಂದ ಶೇಕಡಾ 60ರವರೆಗೆ ಬಳಸುವುದು ಸರಿಯಾದ ಕ್ರಮ. ಇನ್ವರ್ಟರಿನ ನಷ್ಟವನ್ನೂ ಕಳೆದರೆ ಉಳಿಯುವುದು ಹೆಚ್ಚೆಂದರೆ 900 ವ್ಯಾಟ್-ಅವರ್‌ನ ಆಸುಪಾಸು. ಅಂದರೆ ಒಂದು ಯೂನಿಟ್ಟಿನ ಲಿಥಿಯಂ ಪೆಟ್ಟಿಗೆಯೂ ಒಂದು 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿಯೂ ಬಳಕೆಯಲ್ಲಿ ಹೆಚ್ಚುಕಡಿಮೆ ಸಮ. ಬೆಲೆ ಮಾತ್ರ ಸಮವಲ್ಲ. ಇನ್ವರ್ಟರ್ ಸಮೇತ ಟ್ಯೂಬ್ಯುಲರ್ ವ್ಯವಸ್ಥೆ 20–25 ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಮುಗಿದರೆ, ಒಳ್ಳೆಯ ಪವರ್ ಸ್ಟೇಷನ್ನಿಗೆ ಅದರ ಕೆಲವು ಪಟ್ಟು ಕೊಡಬೇಕಾಗುತ್ತದೆ. ಎಕ್ಸೈಡ್, ಅಮರಾನ್, ಲ್ಯೂಮಿನಸ್, ಮೈಕ್ರೋಟೆಕ್, ವಿ-ಗಾರ್ಡ್‌ನಂಥ ಹೆಸರುಗಳಿಗೆ ಊರೂರಲ್ಲಿ ಮೆಕ್ಯಾನಿಕ್ ಸಿಗುತ್ತಾನೆ, ಹಳೆಯ ಬ್ಯಾಟರಿಯನ್ನು ಕೊಟ್ಟರೆ ಸೀಸದ ತೂಕಕ್ಕೆ ಹೊಸದರಲ್ಲಿ ದುಡ್ಡು ಇಳಿಸುತ್ತಾರೆ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಅನುಕೂಲವಿದೆ, ಅದನ್ನು ಜಾಹೀರಾತುಗಳು ಹೇಳುವುದಿಲ್ಲ. ಯುಪಿಎಸ್ ಮನೆಯ ವೈರಿಂಗಿಗೆ ಸೇರಿಕೊಂಡಿರುತ್ತದೆ. ಕರೆಂಟ್ ಹೋದ ಕ್ಷಣವೇ ಅಡುಗೆಮನೆಯ ದೀಪ, ಮಲಗುವ ಕೋಣೆಯ ಫ್ಯಾನ್, ಬಚ್ಚಲಿನ ಬಲ್ಬ್ ತಾವಿದ್ದಲ್ಲೇ ಉರಿಯುತ್ತವೆ. ಪವರ್ ಸ್ಟೇಷನ್ನಿನ ಕರೆಂಟ್ ಅದರ ಮೈಮೇಲಿರುವ ಸಾಕೆಟ್ಟುಗಳಲ್ಲಷ್ಟೇ ಇರುತ್ತದೆ, ಸೀಲಿಂಗ್ ಫ್ಯಾನಿಗೆ ಪ್ಲಗ್ ಇಲ್ಲ. ಕತ್ತಲಲ್ಲಿ ಎಕ್ಸ್‌ಟೆನ್ಷನ್ ಬೋರ್ಡಿನ ತಂತಿಯನ್ನು ಎಳೆದಾಡುವುದು ವಯಸ್ಸಾದವರಿರುವ ಮನೆಯಲ್ಲಿ ಪರಿಹಾರವಲ್ಲ, ಎಡವಿ ಬೀಳುವ ದಾರಿ. ಹೀಗಾಗಿ ಸ್ವಂತ ಮನೆಯಿದ್ದು, ಯುಪಿಎಸ್ ಲೈನ್ ಈಗಾಗಲೇ ಎಳೆದಿದ್ದು, ದಿನಕ್ಕೆ ಒಂದೆರಡು ಗಂಟೆ ಲೋಡ್ ಶೆಡ್ಡಿಂಗ್ ಎದುರಿಸುವವರಿಗೆ ನನ್ನ ಸಲಹೆ ನೇರವಾಗಿದೆ: ಯುಪಿಎಸ್ಸೇ ಇರಲಿ. ಡಿಸ್ಟಿಲ್ಡ್ ವಾಟರ್ ಹಾಕುವ ರಗಳೆ, ಆಸಿಡ್ ವಾಸನೆ, 50–60 ಕೆ.ಜಿ. ತೂಕ ಬೇಡವೆನಿಸಿದರೆ ಗೋಡೆಗೆ ತೂಗುಹಾಕುವ ಲಿಥಿಯಂ ಇನ್ವರ್ಟರುಗಳು ಈಗ ಬಂದಿವೆ. ಅವು ಹಳೆಯ ಯುಪಿಎಸ್ ಲೈನಿಗೇ ಕೂಡಿಕೊಳ್ಳುತ್ತವೆ. ಪವರ್ ಸ್ಟೇಷನ್ ಕೊಳ್ಳಲು ಹೊರಟ ಎಷ್ಟೋ ಜನರಿಗೆ ನಿಜವಾಗಿ ಬೇಕಾಗಿರುವುದು ಈ ಮೂರನೆಯದು.

ಹಾಗಾದರೆ ಪವರ್ ಸ್ಟೇಷನ್ ಯಾರಿಗೆ? ಮೊದಲನೆಯದಾಗಿ ಬಾಡಿಗೆ ಮನೆಯವರಿಗೆ. ಮನೆ ಮಾಲೀಕರ ಗೋಡೆ ಕೊರೆಯದೆ, ಎಲೆಕ್ಟ್ರಿಷಿಯನ್ ಕರೆಸದೆ ಬಳಸಬಹುದು, ಮನೆ ಬದಲಿಸುವಾಗ ಕಾರಿನ ಹಿಂದಿನ ಸೀಟಿನಲ್ಲಿಟ್ಟು ಒಯ್ಯಬಹುದು. ಬೆಂಗಳೂರಿನ ಒಂದು ಬಾಡಿಗೆ ಮನೆಯಲ್ಲಿ ಕುಳಿತು ಕಂಪನಿಯ ಕೆಲಸ ಮಾಡುವವರಿಗೆ ಲ್ಯಾಪ್‌ಟಾಪ್, ರೌಟರ್, ಒಂದು ಬಿಎಲ್‌ಡಿಸಿ ಟೇಬಲ್ ಫ್ಯಾನ್, ಎರಡು ದೀಪ ಸೇರಿ 120 ವ್ಯಾಟ್ ಬೇಕಾಗುತ್ತದೆ ಎನ್ನೋಣ. ಎರಡು ಗಂಟೆಗೆ 240, ನಷ್ಟ ಸೇರಿಸಿದರೆ 280ರ ಮೇಲೆ. 300 ವ್ಯಾಟ್-ಅವರ್ ವರ್ಗದ ಸಣ್ಣ ಪೆಟ್ಟಿಗೆ ಕಷ್ಟಪಟ್ಟು ಸಾಕಾಗುತ್ತದೆ. ನಾಲ್ಕು ಗಂಟೆ ಬೇಕೆಂದರೆ 700–800ರ ವರ್ಗಕ್ಕೆ ಹೋಗಬೇಕು. ಆದರೆ ಕೊರತೆ ರೌಟರಿನದು ಮಾತ್ರವಾಗಿದ್ದರೆ, ಲ್ಯಾಪ್‌ಟಾಪಿನ ಬ್ಯಾಟರಿಯೇ ನಾಲ್ಕು ಗಂಟೆ ಬಾಳುವುದಾದರೆ, ಅಂಗೈಯಗಲದ 12 ವೋಲ್ಟ್ ಮಿನಿ ಯುಪಿಎಸ್ ಸಾಕು. ಬೀದಿಯ ಕಂಬದ ಮೇಲಿರುವ ಕೇಬಲ್‌ನವರ ಪೆಟ್ಟಿಗೆಯೂ ಬ್ಯಾಟರಿಯ ಮೇಲೆಯೇ ನಿಂತಿದೆ, ಅದು ಕಣ್ಣು ಮುಚ್ಚಿದ ಮೇಲೆ ನಿಮ್ಮ ಮನೆಯ ರೌಟರ್ ಎಷ್ಟು ಹೊತ್ತು ಉರಿದರೂ ಇಂಟರ್‌ನೆಟ್ ಬರುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಪೆಟ್ಟಿಗೆಗಳ ನಡುವೆ ಆಯ್ಕೆ

ಬ್ಯಾಟರಿಯ ರಸಾಯನ ಮೊದಲನೆಯ ಜರಡಿ. ಹಳೆಯ ಮಾದರಿಗಳಲ್ಲಿ ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಬೆರೆತ ಎನ್‌ಎಂಸಿ ಸೆಲ್‌ಗಳಿದ್ದವು. ಈಗಿನವುಗಳಲ್ಲಿ ಹೆಚ್ಚಾಗಿ ಕಬ್ಬಿಣ-ಫಾಸ್ಫೇಟ್ ಆಧಾರದ ಎಲ್‌ಎಫ್‌ಪಿ ಸೆಲ್‌ಗಳಿವೆ. ಎನ್‌ಎಂಸಿ ಹಗುರ, ಆದರೆ ಬೇಗ ಸವೆಯುತ್ತದೆ, ಬಿಸಿಯೇರಿ ಹತೋಟಿ ತಪ್ಪುವ ಅಪಾಯವೂ ಹೆಚ್ಚು. ಎಲ್‌ಎಫ್‌ಪಿ ಸ್ವಲ್ಪ ಭಾರ, ಬಾಳಿಕೆ ಬಹಳ. ಜಾಕರಿ ಕಂಪನಿಯ ಒಂದೇ ಹೆಸರಿನ ಎರಡು ಪೆಟ್ಟಿಗೆಗಳಲ್ಲೇ ಈ ಅಂತರ ಎದ್ದು ಕಾಣುತ್ತದೆ: ಮೊದಲಿನ ಎಕ್ಸ್‌ಪ್ಲೋರರ್ 1000 ಎನ್‌ಎಂಸಿಯದು, 1002 ವ್ಯಾಟ್-ಅವರ್, 500 ಬಾರಿ ತುಂಬಿ ಬಸಿದರೆ ಅದರ ಸಾಮರ್ಥ್ಯ ಶೇಕಡಾ 80ಕ್ಕೆ ಇಳಿಯುತ್ತದೆ ಎಂದು ಕಂಪನಿಯೇ ಹೇಳಿತ್ತು. ಎಕ್ಸ್‌ಪ್ಲೋರರ್ 1000 ವಿ2 ಎಲ್‌ಎಫ್‌ಪಿಯದು, 1070 ವ್ಯಾಟ್-ಅವರ್, 4000 ಬಾರಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಹೆಸರಿನ ಕೊನೆಯ ಆ ಎರಡಕ್ಷರವನ್ನು ಗಮನಿಸದಿದ್ದರೆ ಸವೆದ ಎನ್‌ಎಂಸಿ ಪೆಟ್ಟಿಗೆ ಅಗ್ಗವೆಂದು ಮನೆಗೆ ಬರುತ್ತದೆ.

ಹೀಗೆ ಎಷ್ಟು ಬಾರಿ ತುಂಬಿ ಬಸಿಯಬಹುದು ಎಂಬ ಸೈಕಲ್ ಸಂಖ್ಯೆಗಳನ್ನು ಹೋಲಿಸುವಾಗ ಒಂದು ಬಲೆಯಿದೆ. ಇಕೋಫ್ಲೋ ಡೆಲ್ಟಾ 2ರ 3000 ಮತ್ತು ಬ್ಲೂಟಿ ಎಸಿ180ರ 3500 ಶೇಕಡಾ 80ಕ್ಕೆ ಇಳಿಯುವವರೆಗಿನ ಲೆಕ್ಕ. ಮೇಲೆ ಹೇಳಿದ ಜಾಕರಿಯ 4000 ಶೇಕಡಾ 70ಕ್ಕೆ ಇಳಿಯುವವರೆಗಿನದು. ಒಂದು ಸೇರಿನಲ್ಲಿ ಅಳೆದದ್ದನ್ನು ಇನ್ನೊಂದು ಪಾವಿನಲ್ಲಿ ಅಳೆದದ್ದಕ್ಕೆ ಹೋಲಿಸಿದಂತಾಯಿತು. ಇಷ್ಟಕ್ಕೂ ಮನೆಯ ಬ್ಯಾಕಪ್ಪಿಗೆ ಈ ಅಂತರ ಬಹಳ ದೊಡ್ಡದಲ್ಲ. ವರ್ಷಕ್ಕೆ ನೂರು ಬಾರಿ ಪೂರ್ತಿ ಬಸಿದರೂ 3000 ಸೈಕಲ್ ಮುಗಿಯಲು ಮೂವತ್ತು ವರ್ಷ ಬೇಕು. ಅದಕ್ಕೆ ಬಹಳ ಮೊದಲೇ ಒಳಗಿನ ಎಲೆಕ್ಟ್ರಾನಿಕ್ಸ್ ಕೈಕೊಡುತ್ತದೆ, ಇಲ್ಲವೇ ಸೆಲ್‌ಗಳು ವಯಸ್ಸಿನಿಂದಲೇ ಸೊರಗುತ್ತವೆ. ಪ್ರತಿದಿನ ಬಿಸಿಲಿನಿಂದ ತುಂಬಿ ರಾತ್ರಿ ಬಳಸುವವರಿಗೆ ಬಿಟ್ಟರೆ, ಸೈಕಲ್ ಸಂಖ್ಯೆಗಾಗಿ ಹೆಚ್ಚು ಹಣ ಕೊಡುವ ಅಗತ್ಯವಿಲ್ಲ. ವಾರಂಟಿ ಎಷ್ಟು ವರ್ಷ, ಅದನ್ನು ನಮ್ಮ ದೇಶದೊಳಗೆ ಯಾರು ಪೂರೈಸುತ್ತಾರೆ ಎಂಬುದು ಅದಕ್ಕಿಂತ ತೂಕದ ಪ್ರಶ್ನೆ.

ಒಂದು ಯೂನಿಟ್ಟಿನ ವರ್ಗದಲ್ಲಿ ಡೆಲ್ಟಾ 2 (1024 ವ್ಯಾಟ್-ಅವರ್), ಎಸಿ180 (1152), ಆಂಕರ್ ಸೋಲಿಕ್ಸ್ ಸಿ1000 (1056) ಮೂರೂ 1800 ವ್ಯಾಟ್ ಎತ್ತುವ ಎಲ್‌ಎಫ್‌ಪಿ ಪೆಟ್ಟಿಗೆಗಳು. ಜಾಕರಿ ವಿ2 1500 ವ್ಯಾಟ್‌ನದು. ಡೆಲ್ಟಾ 2 ಸುಮಾರು 12 ಕೆ.ಜಿ., ಅಂದರೆ 25 ಕೆ.ಜಿ. ಅಕ್ಕಿ ಚೀಲದ ಅರ್ಧ; ಎಸಿ180 ಸುಮಾರು 16. ಡೆಲ್ಟಾ 2ಕ್ಕೆ ಹೆಚ್ಚುವರಿ ಬ್ಯಾಟರಿ ಜೋಡಿಸಿ ಮೂರು ಯೂನಿಟ್‌ವರೆಗೆ ಬೆಳೆಸಬಹುದು. ಇಂದು ಒಂದು ಯೂನಿಟ್ ಸಾಕು, ಮುಂದೇನೋ ತಿಳಿಯದು ಎನ್ನುವವರಿಗೆ ಇದು ಉಪಯೋಗದ ಗುಣ. ಸೋಲಾರ್ ಇಲ್ಲದ, ಬರೀ ದೀಪ-ಫ್ಯಾನಿನ ಮನೆಗೆ ಈ ನಾಲ್ಕರಲ್ಲಿ ಯಾವುದನ್ನು ತಂದರೂ ಬಳಕೆಯಲ್ಲಿ ದೊಡ್ಡ ವ್ಯತ್ಯಾಸ ಕಾಣದು. ಹಾಗಾಗಿ ಸರ್ವಿಸ್ ಎಲ್ಲಿ ಸಿಗುತ್ತದೆ ಮತ್ತು ಅಂದಿನ ಬೆಲೆಯನ್ನು ವ್ಯಾಟ್-ಅವರ್‌ನಿಂದ ಭಾಗಿಸಿದರೆ ಎಷ್ಟಾಗುತ್ತದೆ, ಈ ಎರಡರ ಮೇಲೆ ನಿರ್ಧರಿಸಿ.

ಎತ್ತುವ ಶಕ್ತಿಯ ಬಗ್ಗೆ ನನ್ನದೇ ಪಾಠ ಒಂದಿದೆ. ನಾನು ಮೊದಲು ತಂದದ್ದು 300 ವ್ಯಾಟಿನ ಸಣ್ಣ ಪೆಟ್ಟಿಗೆ. ಫ್ರಿಜ್ಜು ಓಡುವಾಗ 120 ವ್ಯಾಟ್ ತಾನೇ ಎಂದು ಅಂಗಡಿಯವರೂ ನಾನೂ ಒಪ್ಪಿಕೊಂಡಿದ್ದೆವು. ಮನೆಗೆ ಬಂದು ಜೋಡಿಸಿದರೆ, ಕಂಪ್ರೆಸರ್ ಶುರುವಾಗುವ ಕ್ಷಣಕ್ಕೆ ಪೆಟ್ಟಿಗೆ ಓವರ್‌ಲೋಡ್ ಎಂದು ಕೂಗಿ ಆರಿತು. ಹಳೆಯ ಬಗೆಯ ಕಂಪ್ರೆಸರ್ ಹೊರಡುವಾಗ ಓಡುವ ವ್ಯಾಟಿನ ಹಲವು ಪಟ್ಟು ಕೇಳುತ್ತದೆ. ಇನ್ವರ್ಟರ್ ಕಂಪ್ರೆಸರ್ ಇರುವ ಹೊಸ ಫ್ರಿಜ್ಜುಗಳು ಮೆಲ್ಲಗೆ ಹೊರಡುತ್ತವೆ. ನಮ್ಮದು ಹಳೆಯದು. ಫ್ರಿಜ್ಜು ಅಥವಾ ಮಿಕ್ಸಿ ನಡೆಸಬೇಕಿದ್ದರೆ 1000 ವ್ಯಾಟಿಗಿಂತ ಕೆಳಗಿನದನ್ನು ನೋಡಬೇಡಿ, ಹೊರಡುವ ಕ್ಷಣಕ್ಕೆ ಎಷ್ಟು ಎತ್ತಬಲ್ಲದು ಎಂದು ಹೇಳುವ, ಸರ್ಜ್ ಎಂದು ಬರೆದಿರುವ ಅಂಕಿಯನ್ನೂ ಓದಿ. ಕೆಲವು ಕಂಪನಿಗಳು ಬೂಸ್ಟ್ ಎಂಬ ಹೆಸರಿನಲ್ಲಿ ಇನ್ನೂ ಹೆಚ್ಚಿನ ವ್ಯಾಟ್ ತೋರಿಸುತ್ತವೆ. ಅದು ವೋಲ್ಟೇಜನ್ನು ತಗ್ಗಿಸಿ ಹೊರೆಯನ್ನು ಕಡಿಮೆ ಮಾಡುವ ಉಪಾಯ. ನೀರು ಕಾಯಿಸುವ ಕೆಟಲ್ ಅದನ್ನು ಸಹಿಸಿಕೊಳ್ಳುತ್ತದೆ, ಸ್ವಲ್ಪ ತಡವಾಗಿ ಕುದಿಯುತ್ತದೆ, ಅಷ್ಟೆ. ಮೋಟಾರ್ ಇರುವ ಯಂತ್ರಗಳಿಗೆ ಅದು ಸಲ್ಲದು. ಔಟ್‌ಪುಟ್ ಪ್ಯೂರ್ ಸೈನ್ ವೇವ್, ಅಂದರೆ ಲೈನಿನ ಕರೆಂಟಿನಂತೆ ನಯವಾದ ಅಲೆ, ಆಗಿರಲೇಬೇಕು, ಆ ಮಾತಿನಲ್ಲಿ ರಾಜಿ ಬೇಡ.

ಮಲೆನಾಡಿನ ಮಳೆಗಾಲ

ಎರಡು ಗಂಟೆಯ ಲೋಡ್ ಶೆಡ್ಡಿಂಗ್ ಒಂದು ಕಥೆ, ಜುಲೈ ತಿಂಗಳಲ್ಲಿ ಮರ ಬಿದ್ದು ಕಂಬ ಮುರಿದು ಮೂರು ದಿನ ಕರೆಂಟ್ ಇಲ್ಲದಿರುವುದು ಬೇರೆಯೇ ಕಥೆ. ಹೊಸನಗರ, ತೀರ್ಥಹಳ್ಳಿ, ಶೃಂಗೇರಿ, ಸಿದ್ದಾಪುರದ ಕಡೆಯ ಒಂಟಿ ಮನೆಗಳಿಗೆ ಇದು ಹೊಸತಲ್ಲ. ಅಲ್ಲಿ ಪ್ರಶ್ನೆ ಟ್ಯಾಂಕಿನ ಗಾತ್ರದ್ದಲ್ಲ, ಬರಿದಾದ ಟ್ಯಾಂಕನ್ನು ಮತ್ತೆ ಹೇಗೆ ತುಂಬುವುದು ಎಂಬುದು. ಪವರ್ ಸ್ಟೇಷನ್ ನಿಜವಾಗಿ ಗೆಲ್ಲುವುದು ಇಲ್ಲಿ, ಮತ್ತು ಸೋಲಾರಿನಿಂದಾಗಿ ಅಲ್ಲ. ಒಳ್ಳೆಯ ಬಿಸಿಲಿನ ದಿನ 100 ವ್ಯಾಟಿನ ಮಡಿಸುವ ಪ್ಯಾನೆಲ್ಲಿನಿಂದ 300–400 ವ್ಯಾಟ್-ಅವರ್ ಸಿಗುತ್ತದೆ. ಆಗುಂಬೆಯ ಆಷಾಢದಲ್ಲಿ ಅದರ ಹತ್ತರಲ್ಲೊಂದು ಪಾಲು ಬಂದರೂ ಸಂತೋಷಪಡಬೇಕು. ಗೆಲುವಿನ ಕಾರಣ ಚಾರ್ಜಿಂಗ್ ವೇಗ. 150 ಎಎಚ್ ಸೀಸದ ಬ್ಯಾಟರಿಗೆ ತುಂಬಲು 10–12 ಗಂಟೆ ಬೇಕು, ಅಷ್ಟು ಹೊತ್ತು ಜನರೇಟರ್ ಓಡಿಸಿದರೆ ಪೆಟ್ರೋಲಿನ ಖರ್ಚೂ ಗದ್ದಲವೂ ಹೇಳತೀರದು. ಎಲ್‌ಎಫ್‌ಪಿ ಪೆಟ್ಟಿಗೆ ಒಂದರಿಂದ ಎರಡು ಗಂಟೆಯಲ್ಲಿ ತುಂಬುತ್ತದೆ. ಅಡಿಕೆ ತೋಟದ ಮನೆಗಳಲ್ಲಿ ಹೇಗೂ ಒಂದು ಸಣ್ಣ ಜನರೇಟರ್ ಇರುತ್ತದೆ. ಸಂಜೆ ಎರಡು ಗಂಟೆ ಅದನ್ನು ಓಡಿಸಿ ಪೆಟ್ಟಿಗೆ ತುಂಬಿಕೊಂಡು ರಾತ್ರಿಯಿಡೀ ಸದ್ದಿಲ್ಲದೆ ಬಳಸಬಹುದು. ಎರಡನ್ನೂ ಒಟ್ಟಿಗೆ ನೋಡದೆ, ಜನರೇಟರೋ ಪವರ್ ಸ್ಟೇಷನ್ನೋ ಎಂದು ಒಂದನ್ನು ಆರಿಸಲು ಹೊರಡುವುದೇ ಇಲ್ಲಿನ ತಪ್ಪು.

ಇದಕ್ಕೆ ಎರಡು ಷರತ್ತುಗಳಿವೆ. ಒಂದು ಕೆವಿಎ ಜನರೇಟರ್ ಕೊಡುವುದು 700–800 ವ್ಯಾಟ್. ಪೆಟ್ಟಿಗೆಯ ಚಾರ್ಜರ್ 1200 ವ್ಯಾಟ್ ಎಳೆಯಹೊರಟರೆ ಜನರೇಟರ್ ನರಳಿ ನಿಲ್ಲುತ್ತದೆ. ಆದ್ದರಿಂದ ಚಾರ್ಜಿಂಗ್ ವೇಗವನ್ನು 500–600 ವ್ಯಾಟಿಗೆ ಇಳಿಸುವ ಸೌಲಭ್ಯ ಪೆಟ್ಟಿಗೆಯಲ್ಲಿ ಇರಬೇಕು, ಅದೂ ಇಂಟರ್‌ನೆಟ್ ಇಲ್ಲದಿರುವಾಗ ಕೆಲಸ ಮಾಡಬೇಕು. ಎರಡನೆಯದು, ಜನರೇಟರನ್ನು ಎಂದಿಗೂ ಮನೆಯೊಳಗೆ, ಜಗಲಿಯ ಮುಚ್ಚಿದ ಮೂಲೆಯಲ್ಲಿ, ಕಿಟಕಿಯ ಕೆಳಗೆ ಓಡಿಸಬಾರದು. ಅದರ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಬಯಲುಸೀಮೆಯವರು ಸೋಲಾರನ್ನು ಧಾರಾಳವಾಗಿ ನಂಬಬಹುದು, ಆದರೆ ವೋಲ್ಟೇಜ್ ನೋಡಿಕೊಂಡು. ಡೆಲ್ಟಾ 2ರ ಸೋಲಾರ್ ಕಿಂಡಿ ತಡೆಯುವುದು 60 ವೋಲ್ಟ್‌ವರೆಗೆ. ಛಾವಣಿಗೆ ಹಾಕುವ ಐನೂರು ವ್ಯಾಟಿಗೆ ಮೇಲ್ಪಟ್ಟ ಪ್ಯಾನೆಲ್ ಒಂದೇ 50 ವೋಲ್ಟಿನ ಹತ್ತಿರ ಇರುತ್ತದೆ. ಅಂಥ ಎರಡನ್ನು ಸರಣಿಯಲ್ಲಿ ಜೋಡಿಸಿ ಚುಚ್ಚಿದರೆ 100 ವೋಲ್ಟ್ ನುಗ್ಗಿ ಒಳಗಿನ ಸರ್ಕ್ಯೂಟ್ ಸುಡಬಹುದು, ವಾರಂಟಿಯೂ ಅದರ ಜೊತೆಗೇ ಹೋಗುತ್ತದೆ.

ಅಮೆರಿಕದಿಂದ ತರಿಸುವವರಿಗೆ

ಮಗನೋ ಸೊಸೆಯೋ ಅಲ್ಲಿಂದ ಬರುವಾಗ ಒಂದನ್ನು ತರಲಿ ಎಂಬ ಯೋಚನೆ ಸಹಜ, ಅಲ್ಲಿ ರಿಯಾಯಿತಿ ಮಾರಾಟದಲ್ಲಿ ಬೆಲೆ ನೋಡಿದರೆ ಆಸೆಯೂ ಆಗುತ್ತದೆ. ಅದು ಆಗದ ಕೆಲಸ. ಪ್ರಯಾಣಿಕರ ವಿಮಾನದಲ್ಲಿ 100 ವ್ಯಾಟ್-ಅವರ್ ಮೀರಿದ ಲಿಥಿಯಂ ಬ್ಯಾಟರಿಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, 160 ಮೀರಿದ್ದನ್ನು ಕೈಚೀಲದಲ್ಲೂ ಲಗೇಜಿನಲ್ಲೂ ಬಿಡುವುದಿಲ್ಲ. ಹಡಗಿನಲ್ಲಿ ಹೇಗೋ ತರಿಸಿದರೂ ಅಲ್ಲಿನ ಪೆಟ್ಟಿಗೆ ಕೊಡುವುದು 120 ವೋಲ್ಟ್, 60 ಹರ್ಟ್ಸ್. ನಮ್ಮ ಫ್ರಿಜ್ಜು, ಫ್ಯಾನುಗಳಿಗೆ ಬೇಕಿರುವುದು 230 ವೋಲ್ಟ್, 50 ಹರ್ಟ್ಸ್. ಇಲ್ಲಿ ಕೊಳ್ಳುವಾಗ ಬ್ಯಾಟರಿಯ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿಯ ಗುರುತು ಇದೆಯೇ ಎಂದು ನೋಡಿ, ಜೋಡಿಸಿ ಮಾರುವ ಹೆಸರಿಲ್ಲದ ಪೆಟ್ಟಿಗೆಗಳಿಂದ ದೂರವಿರಿ.

ಬಿಸಿಲು, ಡಿಮ್ ಕರೆಂಟ್ ಮತ್ತು ಇತರ ಸಂಗತಿಗಳು

ಕಲಬುರಗಿ, ರಾಯಚೂರು, ಬಳ್ಳಾರಿಯ ಏಪ್ರಿಲ್-ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟಿರುತ್ತದೆ. ಅಟ್ಟದ ಮೇಲೆ ಅಥವಾ ಬೀರುವಿನೊಳಗೆ ಇಟ್ಟ ಲಿಥಿಯಂ ಪೆಟ್ಟಿಗೆ 45 ಡಿಗ್ರಿಯ ಆಸುಪಾಸಿನಲ್ಲಿ ಚಾರ್ಜ್ ಆಗಲು ನಿರಾಕರಿಸಬಹುದು, ನಿರಾಕರಿಸದಿದ್ದರೂ ಅದರ ಆಯುಸ್ಸು ಸವೆಯುತ್ತದೆ. ಗಾಳಿಯಾಡುವ ಕೆಳಕೋಣೆಯ ನೆಲವೇ ಅದರ ಜಾಗ, ಆದರೆ ಬಾಗಿಲಿಗೆ ಹೋಗುವ ದಾರಿಯಲ್ಲಿ ಬೇಡ. ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ ಪೂರ್ತಿ ತುಂಬಿಯೂ ಇಡಬಾರದು, ಪೂರ್ತಿ ಬಸಿದೂ ಇಡಬಾರದು. ಅರ್ಧಕ್ಕಿಂತ ತುಸು ಮೇಲಿಟ್ಟು ಮೂರು ತಿಂಗಳಿಗೊಮ್ಮೆ ನೋಡಿಕೊಳ್ಳಬೇಕು.

ಹಳ್ಳಿಗಳ ಇನ್ನೊಂದು ತೊಂದರೆ ಡಿಮ್ ಕರೆಂಟ್. ಟಿಸಿಯಿಂದ (ಊರಿನ ಟ್ರಾನ್ಸ್‌ಫಾರ್ಮರ್) ದೂರದ ಮನೆಗಳಲ್ಲಿ ಸಂಜೆ ವೋಲ್ಟೇಜ್ 170–180ಕ್ಕೆ ಇಳಿಯುವುದುಂಟು. ನಮ್ಮ ಯುಪಿಎಸ್‌ಗಳನ್ನು ಈ ಏರಿಳಿತ ನೋಡಿಯೇ ರೂಪಿಸಿದ್ದಾರೆ, ಪವರ್ ಸ್ಟೇಷನ್ನುಗಳನ್ನು ಹೆಚ್ಚಾಗಿ ಸ್ಥಿರ ವೋಲ್ಟೇಜ್ ಇರುವ ದೇಶಗಳಿಗೆ ರೂಪಿಸಿದ್ದು. ಎಷ್ಟು ವೋಲ್ಟಿನಿಂದ ಎಷ್ಟರವರೆಗೆ ಚಾರ್ಜ್ ಆಗುತ್ತದೆ ಎಂಬ ಸಾಲು ಕೈಪಿಡಿಯಲ್ಲಿದೆಯೇ ಎಂದು ಕೊಳ್ಳುವ ಮೊದಲೇ ಓದಿ.

ಕರೆಂಟ್ ಹೋದಾಗ ಬ್ಯಾಟರಿಗೆ ಹೊರಳಲು ಪೆಟ್ಟಿಗೆಗಳು 10ರಿಂದ 30 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತವೆ. ಡೆಸ್ಕ್‌ಟಾಪ್ ಕಂಪ್ಯೂಟರಿನ ಪವರ್ ಸಪ್ಲೈ ತಡೆದುಕೊಳ್ಳುವುದು 16–17 ಮಿಲಿಸೆಕೆಂಡಿನಷ್ಟೇ. ಹಾಗಾಗಿ 30 ಮಿಲಿಸೆಕೆಂಡಿನ ಪೆಟ್ಟಿಗೆಯಲ್ಲಿ ಡೆಸ್ಕ್‌ಟಾಪ್ ಆರಿಹೋಗಬಹುದು. ಲ್ಯಾಪ್‌ಟಾಪಿನವರಿಗೆ ಈ ಚಿಂತೆಯಿಲ್ಲ.

ಉಸಿರಾಟದ ಯಂತ್ರಗಳಿರುವ ಮನೆಯವರಿಗೆ ಪ್ರತ್ಯೇಕವಾಗಿ ಹೇಳಬೇಕು. ನಿದ್ರೆಯಲ್ಲಿ ಬಳಸುವ ಸಿಪಾಪ್ ಯಂತ್ರ, ಹ್ಯುಮಿಡಿಫೈಯರ್ ಆರಿಸಿದರೆ, 30–60 ವ್ಯಾಟ್‌ನಲ್ಲಿ ನಡೆಯುತ್ತದೆ. ಒಂದು ಯೂನಿಟ್ಟಿನ ಪೆಟ್ಟಿಗೆ ಒಂದು ರಾತ್ರಿಯನ್ನು ನಿರಾಯಾಸವಾಗಿ ದಾಟಿಸುತ್ತದೆ. ಐದು ಲೀಟರಿನ ಆಕ್ಸಿಜನ್ ಕಾನ್ಸಂಟ್ರೇಟರ್ ಹಾಗಲ್ಲ. ಅದು 300–350 ವ್ಯಾಟ್ ಎಳೆಯುತ್ತದೆ, ಅದೇ ಪೆಟ್ಟಿಗೆ ಎರಡೂವರೆ ಗಂಟೆಗೆ ಮುಗಿಯುತ್ತದೆ. ಅಂಥ ಮನೆಯಲ್ಲಿ ಪೆಟ್ಟಿಗೆಯು ಸಿಲಿಂಡರ್ ಜೋಡಿಸುವವರೆಗಿನ ಸೇತುವೆ ಮಾತ್ರ, ಸಿಲಿಂಡರಿಗೆ ಬದಲಿಯಲ್ಲ.

ಒಂದು ಕೆಲಸವನ್ನು ಯಾರೂ ಮಾಡಬಾರದು. ಎರಡೂ ಕಡೆ ಪ್ಲಗ್ ಇರುವ ತಂತಿ ಮಾಡಿಸಿ, ಪೆಟ್ಟಿಗೆಯ ಕರೆಂಟನ್ನು ಗೋಡೆಯ ಸಾಕೆಟ್ಟಿಗೆ ಕೊಟ್ಟು ಇಡೀ ಮನೆಗೆ ಹರಿಸುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ಮೇನ್ ಸ್ವಿಚ್ ಆರಿಸಲು ಮರೆತರೆ ಆ ಕರೆಂಟ್ ಹೊರಗಿನ ಲೈನಿಗೆ ಹಿಮ್ಮುಖವಾಗಿ ಹರಿಯುತ್ತದೆ. ಟಿಸಿ ಆರಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ನ ಪ್ರಾಣ ಹೋಗಬಹುದು. ಮನೆಯ ದೀಪಗಳಿಗೇ ಕೊಡಬೇಕಿದ್ದರೆ ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನಿಂದ ಚೇಂಜ್‌ಓವರ್ ಸ್ವಿಚ್ ಹಾಕಿಸಿ.

ಯಾವುದನ್ನೇ ತಂದರೂ ಮೊದಲ ವಾರದಲ್ಲಿ ಒಂದು ಭಾನುವಾರ ಅದನ್ನು ಪರೀಕ್ಷಿಸಿ. ಪೂರ್ತಿ ಚಾರ್ಜ್ ಮಾಡಿ, ಮನೆಯ ಮೇನ್ ಸ್ವಿಚ್ ಇಳಿಸಿ, ಕರೆಂಟ್ ಹೋದಾಗ ಏನೇನು ನಡೆಸಬೇಕೆಂದಿದ್ದೀರೋ ಅಷ್ಟನ್ನೇ ಜೋಡಿಸಿ, ಗಂಟೆಗೊಮ್ಮೆ ಪೆಟ್ಟಿಗೆ ತೋರಿಸುವ ಶೇಕಡಾವಾರನ್ನು ಒಂದು ಕಾಗದದಲ್ಲಿ ಬರೆಯುತ್ತ ಹೋಗಿ. ಬರೆದಿರುವ ವ್ಯಾಟ್-ಅವರ್‌ನ ಶೇಕಡಾ 80ಕ್ಕಿಂತ ಕಡಿಮೆ ಸಿಕ್ಕಿದರೆ ಮೊದಲು ಆ ಕಾಗದದ ಫೋಟೊ ಜೊತೆಗೆ ಕಂಪನಿಗೆ ಬರೆಯಿರಿ, ಉತ್ತರ ಸಮಾಧಾನ ತರದಿದ್ದರೆ ವಾಪಸು ಮಾಡುವ ಅವಧಿ ಮುಗಿಯುವುದರೊಳಗೆ ಕಳುಹಿಸಿಬಿಡಿ. ಲಿಥಿಯಂ ಬ್ಯಾಟರಿಯನ್ನು ಮೂಲ ಡಬ್ಬವಿಲ್ಲದೆ ಕಳುಹಿಸಲು ಹೋದರೆ ಕೊರಿಯರ್‌ನವರು ಮುಟ್ಟಲು ಒಪ್ಪದಿರಬಹುದು, ಅದಕ್ಕಾಗಿ ಥರ್ಮಾಕೋಲ್ ಸಮೇತ ಬಂದ ಆ ದೊಡ್ಡ ಡಬ್ಬವನ್ನು ಅಲ್ಲಿಯವರೆಗೆ ಗುಜರಿಗೆ ಹಾಕಬೇಡಿ.